ಟಾಲ್‌ಸ್ಟಾಯ್‌ಗೆ ಇಲ್ಲದ ಸೋದರಮಾವ

ಕಳೆದ ಮಳೆಗಾಲದಲ್ಲಿ ಅಮ್ಮನಿಗೆ ಕಣ್ಣಿನ ಪೊರೆ ತೆಗೆಸಿದೆವು. ಮೊದಲು ಒಂದು ಕಣ್ಣು, ತಿಂಗಳು ಬಿಟ್ಟು ಇನ್ನೊಂದು. ಅಷ್ಟು ದಿನ ಓದಬೇಡಿ, ಟಿವಿ ಜಾಸ್ತಿ ನೋಡಬೇಡಿ ಅಂತ ಡಾಕ್ಟರು ಹೇಳಿದ್ದರು. ದಿನಾ ಪೇಪರನ್ನು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಬಿಡದೆ ಓದುವವಳು ಸುಮ್ನೆ ಹೇಗೆ ಕೂರುತ್ತಾಳೆ? ಹಾಗಾಗಿ ಸಂಜೆ ದೀಪ ಹಚ್ಚಿದ ಮೇಲೆ ನಾನು ಓದುವುದು, ಅವಳು ಕೇಳುವುದು ಅಂತ ಆಯಿತು. ಏನು ಓದಲಿ ಅಂದರೆ, ‘ದೊಡ್ಡದು ಯಾವುದಾದ್ರೂ ತಗೋ, ಬೇಗ ಮುಗೀಬಾರದು’ ಅಂದಳು. ಮನೆಯಲ್ಲಿದ್ದ ಪುಸ್ತಕಗಳಲ್ಲಿ ಎಲ್ಲಕ್ಕಿಂತ ದಪ್ಪದ್ದು ಟಾಲ್‌ಸ್ಟಾಯ್‌ನ ‘ಯುದ್ಧ ಮತ್ತು ಶಾಂತಿ’. ಕಾಲೇಜಿನಲ್ಲಿದ್ದಾಗ ಓದಿದ್ದೆ. ಯುದ್ಧದ ಪುಟಗಳನ್ನು ಹಾರಿಸಿ ಹಾರಿಸಿ ಓದಿದ್ದೆ ಅನ್ನುವುದೇ ಸರಿ.

ರಷ್ಯದ ಹೆಸರುಗಳು ಅಮ್ಮನಿಗೆ ತೊಡಕಾಗಬಹುದು ಅಂದುಕೊಂಡಿದ್ದೆ. ಆಗಲೇ ಇಲ್ಲ. ‘ಹೆಸರು ಬಿಡು, ಯಾರ ಮಗ ಹೇಳು’ ಅನ್ನುತ್ತಿದ್ದಳು. ಅಷ್ಟು ಗೊತ್ತಾದರೆ ಸಾಕು, ಐನೂರು ಪಾತ್ರಗಳಿದ್ದರೂ ಒಂದೊಂದನ್ನೂ ಅದರದರ ಮನೆಯಲ್ಲಿ ಕೂರಿಸಿಬಿಡುತ್ತಿದ್ದಳು. ಪ್ರಿನ್ಸ್ ಆಂದ್ರೇ ಬೊಲ್ಕೊನ್‌ಸ್ಕಿ ಅವಳ ಬಾಯಲ್ಲಿ ಒಂದು ದಿನವೂ ಆಂದ್ರೇ ಆಗಲಿಲ್ಲ. ಮೊದಲು ‘ಆ ಸಿಡುಕು ಮುದುಕನ ಮಗ’ ಆಗಿದ್ದ, ಆಮೇಲೆ ‘ಮಾರ್ಯಾಳ ಅಣ್ಣ’ ಆದ. ಕೊನೆಯವರೆಗೂ ಹಾಗೇ ಉಳಿದ.

ರಷ್ಯದವರು ನೆಪೋಲಿಯನ್‌ಗೆ ಸೋತ ಆಸ್ಟರ್ಲಿಟ್ಜ್ ಯುದ್ಧ ಓದಿದ ಸಂಜೆ ಚೆನ್ನಾಗಿ ನೆನಪಿದೆ. ರಷ್ಯದ ಸೈನಿಕರು ದಿಕ್ಕುಪಾಲಾಗಿ ಓಡುತ್ತಿದ್ದಾರೆ. ಬಾವುಟ ಹಿಡಿದವನು ಗುಂಡು ತಗುಲಿ ಬೀಳುತ್ತಾನೆ. ಒಕ್ಕಣ್ಣಿನ ಮುದಿ ಸೇನಾಪತಿ ಕುತುಜೋವ್‌ನ ಪಕ್ಕದಲ್ಲಿದ್ದ ಆಂದ್ರೇ ಕುದುರೆಯಿಂದ ಜಿಗಿದು ಬಾವುಟ ಎತ್ತಿಕೊಳ್ಳುತ್ತಾನೆ. ಅದು ಭಾರ. ಎರಡೂ ಕೈಯಲ್ಲಿ ಹಿಡಿದರೂ ನೆಲಕ್ಕೆ ಎಳೆಯುತ್ತದೆ. ‘ಬನ್ರೋ ಮುಂದಕ್ಕೆ’ ಅಂತ ಚಿಕ್ಕ ಹುಡುಗನ ಹಾಗೆ ಕೀರಲು ದನಿಯಲ್ಲಿ ಕೂಗುತ್ತಾ ಓಡುತ್ತಾನೆ. ಹಿಂದೆ ಯಾರಾದರೂ ಬರುತ್ತಿದ್ದಾರಾ ಅಂತಲೂ ನೋಡುವುದಿಲ್ಲ. ಯಾರೋ ದೊಣ್ಣೆಯಿಂದ ತಲೆಗೆ ಬಾರಿಸಿದ ಹಾಗಾಗಿ ಮಲಗಿಬಿಡುತ್ತಾನೆ. ಕಣ್ಣು ಬಿಟ್ಟರೆ ಮೇಲೆ ಬರೀ ಆಕಾಶ. ಇಷ್ಟು ದಿನ ಇದನ್ನು ನಾನು ನೋಡಲೇ ಇಲ್ಲವಲ್ಲ ಅಂದುಕೊಳ್ಳುತ್ತಾನೆ.

ನಾನು ಪುಸ್ತಕ ಮುಚ್ಚಿದೆ. ಅಮ್ಮ ಕಪ್ಪು ಕನ್ನಡಕದ ಹಿಂದಿನಿಂದ ಕೇಳಿದಳು: ‘ಇವನು ನಿಜವಾಗಿ ಇದ್ದವನಾ?’

‘ಇಲ್ಲಮ್ಮ, ಕಾದಂಬರಿ ಇದು.’

‘ನೆಪೋಲಿಯನ್ ಇದ್ದನಲ್ಲ? ಆ ಒಕ್ಕಣ್ಣಿನ ಮುದುಕನೂ ಇದ್ದ ಅಂದೆ. ಇವನೊಬ್ಬನೇ ಯಾಕೆ ಇರಲಿಲ್ಲ?’

ಉತ್ತರ ಹೊಳೆಯಲಿಲ್ಲ. ಆ ರಾತ್ರಿಯಿಂದಲೇ ಹುಡುಕುವುದಕ್ಕೆ ಶುರು ಮಾಡಿದೆ. ಸಿಕ್ಕಿದ್ದನ್ನು ಅಮ್ಮನಿಗೆ ತುಂಡು ತುಂಡಾಗಿ ಹೇಳಿದ್ದೆ. ಇಲ್ಲಿ ಎಲ್ಲವನ್ನೂ ಒಟ್ಟಿಗೆ ಬರೆಯುತ್ತಿದ್ದೇನೆ.

ಮೊದಲು ಸಿಕ್ಕಿದ್ದು ಒಂದು ಕಾಗದ. ಅಮ್ಮ ಕೇಳಿದ ಇದೇ ಪ್ರಶ್ನೆಯನ್ನು 1865ರಲ್ಲೇ ಇನ್ನೊಬ್ಬ ಹೆಂಗಸು ಕೇಳಿದ್ದಳು! ಲೂಯೀಸಾ ವೊಲ್ಕೊನ್‌ಸ್ಕಯಾ ಅಂತ. ಟಾಲ್‌ಸ್ಟಾಯ್‌ನ ತಾಯಿಯ ಮನೆತನಕ್ಕೆ ಸೊಸೆಯಾಗಿ ಬಂದವಳು. ಕಾದಂಬರಿಯ ಮೊದಲ ಭಾಗ ಆಗತಾನೇ ಪತ್ರಿಕೆಯಲ್ಲಿ ಬಂದಿತ್ತು. ಅದನ್ನು ಓದಿ, ಈ ಆಂದ್ರೇ ಯಾರು ಅಂತ ಕಾಗದ ಬರೆದಳು. ಮೇ ತಿಂಗಳಲ್ಲಿ ಟಾಲ್‌ಸ್ಟಾಯ್ ಉತ್ತರ ಬರೆದ. ಆಂದ್ರೇ ಯಾರೂ ಅಲ್ಲ, ಇದ್ದವರನ್ನು ನೋಡಿ ನಕಲು ಮಾಡುವುದೇ ನನ್ನ ಕೆಲಸವಾಗಿದ್ದರೆ ಅಚ್ಚು ಹಾಕಿಸಲು ನನಗೇ ನಾಚಿಕೆಯಾಗುತ್ತಿತ್ತು ಅನ್ನುವುದು ಅದರ ಸಾರ. ಅಷ್ಟಕ್ಕೇ ನಿಲ್ಲಿಸದೆ, ಪಾತ್ರ ಹುಟ್ಟಿದ್ದು ಹೇಗೆ ಅಂತಲೂ ಹೇಳಿದ. ಆಸ್ಟರ್ಲಿಟ್ಜ್‌ನಲ್ಲಿ ಸಾಯುವುದಕ್ಕೆ ಒಬ್ಬ ಮಿಂಚುವ ಹುಡುಗ ಬೇಕಾಗಿದ್ದ. ಮುಂದಿನ ಕಥೆಗೆ ಮುದುಕ ಬೊಲ್ಕೊನ್‌ಸ್ಕಿ ಮತ್ತು ಅವನ ಮಗಳು ಬೇಕಾಗಿದ್ದರು. ಯಾರಿಗೂ ಏನೂ ಆಗದ ಹುಡುಗನನ್ನು ತಂದರೆ ಚೆನ್ನಾಗಿರುವುದಿಲ್ಲ ಅಂತ ಅವನನ್ನು ಮುದುಕನ ಮಗನನ್ನಾಗಿ ಮಾಡಿದ. ಬರೆಯುತ್ತಾ ಬರೆಯುತ್ತಾ ಅವನ ಮೇಲೆ ಆಸೆ ಹುಟ್ಟಿತು. ಕೊಲ್ಲುವ ಬದಲು ಗಾಯ ಮಾಡಿ ಬಿಟ್ಟ.

ಅಂದರೆ ಬೇರೆ ಓದುಗರು ಇನ್ನೂ ಆಸ್ಟರ್ಲಿಟ್ಜ್‌ವರೆಗೆ ಹೋಗೇ ಇರಲಿಲ್ಲ. ಹುಡುಗ ಬದುಕುತ್ತಾನೆ ಅನ್ನುವ ಸುದ್ದಿ ಈ ನೆಂಟರ ಹೆಂಗಸಿಗೆ ಮೊದಲೇ ಸಿಕ್ಕಿತ್ತು.

ಆದರೆ ‘ಯಾರೂ ಅಲ್ಲ’ ಅನ್ನುವ ಮಾತನ್ನು ನಾನು ಪೂರ್ತಿ ಒಪ್ಪಲಾರೆ. ಆ ಬಾವುಟವನ್ನು ಟಾಲ್‌ಸ್ಟಾಯ್ ಗಾಳಿಯಿಂದ ಹಿಡಿದು ತಂದಿದ್ದಲ್ಲ. 1805ರ ಡಿಸೆಂಬರ್ 2ರಂದು ಆಸ್ಟರ್ಲಿಟ್ಜ್‌ನಲ್ಲಿ ನಿಜವಾಗಿಯೂ ಒಬ್ಬ ಹುಡುಗ ಬಾವುಟ ಎತ್ತಿಕೊಂಡು ಓಡಿದ್ದ. ಕೌಂಟ್ ಫೆರ್ಡಿನಾಂಡ್ ಟೀಸೆನ್‌ಹೌಸೆನ್. ಬಾಲ್ಟಿಕ್ ಕಡೆಯ ಜರ್ಮನ್ ಶ್ರೀಮಂತ ಮನೆತನದವನು, ಚಕ್ರವರ್ತಿ ಅಲೆಕ್ಸಾಂಡರನ ಸಹಾಯಕ ಅಧಿಕಾರಿ. ವಯಸ್ಸು 23. ಹಿಂದಕ್ಕೆ ಓಡುತ್ತಿದ್ದ ಪಡೆಯನ್ನು ನಿಲ್ಲಿಸಲು ಬಾವುಟ ಹಿಡಿದು ಮುಂದೆ ನುಗ್ಗಿದ. ಗುಂಡು ತಗುಲಿತು. ಬದುಕಲಿಲ್ಲ. ಅವನು ಬರೀ ಅಧಿಕಾರಿಯಲ್ಲ, ಕುತುಜೋವ್‌ನ ಮಗಳು ಎಲಿಜವೆತಾಳ ಗಂಡ. ಎರಡು ಪುಟ್ಟ ಹೆಣ್ಣುಮಕ್ಕಳ ತಂದೆ.

ಇದು ಗೊತ್ತಾದ ಮೇಲೆ ಆ ಪುಟಗಳನ್ನು ಮತ್ತೆ ಓದಿದೆ. ಎಲ್ಲ ಬೇರೆಯಾಗಿ ಕಂಡಿತು. ಕಾದಂಬರಿಯಲ್ಲಿ ಕುತುಜೋವ್ ಆಂದ್ರೇಯ ತಂದೆಗೆ ಬರೆಯುತ್ತಾನೆ: ನಿಮ್ಮ ಮಗ ನನ್ನ ಕಣ್ಣೆದುರಿಗೇ, ಕೈಯಲ್ಲಿ ಬಾವುಟ ಹಿಡಿದು, ವೀರನಂತೆ ಬಿದ್ದ. ಆ ಮುದುಕ ನಿಜ ಜೀವನದಲ್ಲಿ ಕಳೆದುಕೊಂಡಿದ್ದು ಸ್ವಂತ ಅಳಿಯನನ್ನು. ಇಪ್ಪತ್ತೆರಡಕ್ಕೇ ಗಂಡನನ್ನು ಕಳೆದುಕೊಂಡ ಮಗಳು ಊರಿನಲ್ಲಿದ್ದಳು. ಇದಾವುದನ್ನೂ ಟಾಲ್‌ಸ್ಟಾಯ್ ಹೇಳುವುದಿಲ್ಲ. ಆ ದುಃಖವನ್ನು ಕುತುಜೋವ್‌ನಿಂದ ಎತ್ತಿ ಬೊಲ್ಕೊನ್‌ಸ್ಕಿ ಮುದುಕನ ಮಡಿಲಿಗೆ ಹಾಕಿಬಿಡುತ್ತಾನೆ.

ಅದೇ ದಿನ, ಅದೇ ಯುದ್ಧದಲ್ಲಿ ಇನ್ನೊಬ್ಬ ಬಾವುಟ ಹಿಡಿದಿದ್ದ. ಪ್ಯೋತರ್ ವೊಲ್ಕೊನ್‌ಸ್ಕಿ. ಫನಗೋರಿಯ ರೆಜಿಮೆಂಟಿನ ಬಾವುಟ ಕೈಗೆ ತೆಗೆದುಕೊಂಡು ಸೈನಿಕರನ್ನು ಮತ್ತೆ ದಾಳಿಗೆ ನಡೆಸಿದ. ಅವನಿಗೆ ಏನೂ ಆಗಲಿಲ್ಲ. ಮುಂದೆ ಅರಮನೆಯ ಮಂತ್ರಿಯಾದ, ತುಂಬಾ ವರ್ಷ ಬಾಳಿದ. ಇನ್ನು ನೆಪೋಲಿಯನ್ ಬಂದು ಗಾಯಾಳು ಸೆರೆಯಾಳುಗಳನ್ನು ಮಾತಾಡಿಸುವ ದೃಶ್ಯ ಇದೆಯಲ್ಲ, ಅದರಲ್ಲಿ ಬರುವ ಪ್ರಿನ್ಸ್ ರೆಪ್ನಿನ್ ಕೂಡ ನಿಜ ವ್ಯಕ್ತಿಯೇ. ಅವನ ಪೂರ್ತಿ ಹೆಸರು ನಿಕೊಲಾಯ್ ರೆಪ್ನಿನ್-ವೊಲ್ಕೊನ್‌ಸ್ಕಿ. ಕುದುರೆ ಪಡೆಯ ಒಂದು ತುಕಡಿಯ ನಾಯಕ. ಗಾಯಗೊಂಡು ಸಿಕ್ಕಿಬಿದ್ದ. ನೆಪೋಲಿಯನ್ ಅವನನ್ನು ನಿಜವಾಗಿ ಮಾತಾಡಿಸಿದ. ಆ ನಿಜವಾದ ವೊಲ್ಕೊನ್‌ಸ್ಕಿಯ ಪಕ್ಕದಲ್ಲೇ ಟಾಲ್‌ಸ್ಟಾಯ್ ತನ್ನ ಬೊಲ್ಕೊನ್‌ಸ್ಕಿಯನ್ನು ತಂದು ಮಲಗಿಸಿದ್ದಾನೆ.

ಒಬ್ಬ ಬಾವುಟ ಹಿಡಿದು ಸತ್ತ, ಒಬ್ಬ ಬಾವುಟ ಹಿಡಿದು ಬದುಕಿದ, ಒಬ್ಬ ಗಾಯಗೊಂಡು ನೆಪೋಲಿಯನ್‌ನ ಎದುರು ನಿಂತ. ಮೂವರಿಗೆ ಆದದ್ದು ಆಂದ್ರೇ ಒಬ್ಬನಿಗೇ ಆಗುತ್ತದೆ.

ಹೆಸರಿನ ವಿಷಯವಂತೂ ಗುಟ್ಟೇ ಅಲ್ಲ. ವೊಲ್ಕೊನ್‌ಸ್ಕಿ, ಬೊಲ್ಕೊನ್‌ಸ್ಕಿ. ಒಂದೇ ಒಂದು ಅಕ್ಷರದ ಬದಲಾವಣೆ. ಇದನ್ನು ಹೇಳಿದಾಗ ಅಮ್ಮ ಅರೆಕ್ಷಣವೂ ಯೋಚಿಸಲಿಲ್ಲ. ‘ವರ್ಣ ಬಣ್ಣ ಆಗಲ್ವಾ, ವಸತಿ ಬಸದಿ ಆಗಲ್ವಾ, ಹಾಗೆ’ ಅಂದಳು. ತತ್ಸಮ ತದ್ಭವ ಓದಿದ್ದು ಐವತ್ತು ವರ್ಷದ ಹಿಂದೆ, ಇನ್ನೂ ಮರೆತಿಲ್ಲ. ರಷ್ಯದಲ್ಲಿ ಅಂಥ ನಿಯಮವೇನೂ ಇಲ್ಲ, ಟಾಲ್‌ಸ್ಟಾಯ್ ಬೇಕಂತಲೇ ಬದಲಾಯಿಸಿದ್ದು. ಆದರೂ ನನಗೆ ಆ ಹೋಲಿಕೆ ಬಹಳ ಹಿಡಿಸಿತು. ಪರಭಾಷೆಯ ಮಾತು ನಮ್ಮ ಮನೆಗೆ ಬಂದು ಬಣ್ಣ ಆದ ಹಾಗೆ, ಚರಿತ್ರೆಯ ವೊಲ್ಕೊನ್‌ಸ್ಕಿ ಕಾದಂಬರಿಯೊಳಗೆ ಬಂದು ಬೊಲ್ಕೊನ್‌ಸ್ಕಿ ಆದ.

ವೊಲ್ಕೊನ್‌ಸ್ಕಿಗಳ ಪೈಕಿ ಇನ್ನೊಬ್ಬನ ಬಗ್ಗೆ ಹೇಳಲೇಬೇಕು. ರೆಪ್ನಿನ್‌ನ ತಮ್ಮ ಸೆರ್ಗೇ ವೊಲ್ಕೊನ್‌ಸ್ಕಿ. ನೆಪೋಲಿಯನ್ ವಿರುದ್ಧ ಹೋರಾಡಿ ಇಪ್ಪತ್ತೈದರ ಆಸುಪಾಸಿನಲ್ಲೇ ಮೇಜರ್ ಜನರಲ್ ಆದವನು. 1825ರ ಡಿಸೆಂಬರ್‌ನಲ್ಲಿ ಚಕ್ರವರ್ತಿಯ ವಿರುದ್ಧ ದಂಗೆ ಎದ್ದ ಅಧಿಕಾರಿಗಳ ಗುಂಪಿಗೆ ಸೇರಿದ್ದ. ಪದವಿ, ಆಸ್ತಿ ಎಲ್ಲ ಹೋಯಿತು. ಸೈಬೀರಿಯಾಕ್ಕೆ ಕಳಿಸಿದರು. ಹೆಂಡತಿ ಮರೀಯಾ ಅವನ ಹಿಂದೆಯೇ ಹೋದಳು. 1812ರಲ್ಲಿ ನೆಪೋಲಿಯನ್ ರಷ್ಯಕ್ಕೆ ನುಗ್ಗಿದಾಗ ಬೊರೊಡಿನೊ ಯುದ್ಧದಲ್ಲಿ ಹೆಸರು ಮಾಡಿದ ಜನರಲ್ ರಯೆವ್‌ಸ್ಕಿಯ ಮಗಳು ಅವಳು. ಬಾವುಟ ಹಿಡಿದು ಬದುಕಿದ ಪ್ಯೋತರ್ ಇದ್ದನಲ್ಲ, ಅವನು ಸೆರ್ಗೇಯ ಅಕ್ಕನ ಗಂಡ. ಭಾವ ಅರಮನೆಯಲ್ಲಿ ಮಂತ್ರಿ, ಭಾವಮೈದುನ ಸೈಬೀರಿಯಾದ ಗಣಿಯಲ್ಲಿ ಕೈದಿ. ಬಿಡುಗಡೆಯಾಗಿದ್ದು 1856ರಲ್ಲಿ. ಅಷ್ಟರಲ್ಲಿ ಮೂವತ್ತು ವರ್ಷ ಕಳೆದಿತ್ತು.

1860ರ ಕೊನೆಯಲ್ಲಿ ಟಾಲ್‌ಸ್ಟಾಯ್ ಈ ಮುದುಕನನ್ನು ಇಟಲಿಯ ಫ್ಲಾರೆನ್ಸ್‌ನಲ್ಲಿ ಭೇಟಿಯಾದ. ತಾಯಿಯ ಕಡೆಯ ದೂರದ ನೆಂಟ. ಸೈಬೀರಿಯಾದಿಂದ ಮರಳಿದ ಇಂಥವನೊಬ್ಬನ ಬಗ್ಗೆಯೇ ಆಗ ಅವನು ಕಾದಂಬರಿ ಶುರು ಮಾಡಿದ್ದ. ಆ ಮನುಷ್ಯ ಅರ್ಥವಾಗಬೇಕಾದರೆ ದಂಗೆಯ ಕಾಲಕ್ಕೆ ಹೋಗಬೇಕು ಅನ್ನಿಸಿತು. ಅದಕ್ಕೆ ಅವನ ಯೌವನದ 1812ಕ್ಕೆ ಹೋಗಬೇಕು. ನಾವು ಗೆದ್ದಿದ್ದನ್ನು ಮಾತ್ರ ಬರೆದರೆ ಹೇಗೆ, ಸೋತಿದ್ದನ್ನೂ ಬರೆಯಬೇಕು ಅಂತ 1805ಕ್ಕೆ ಬಂದ. ಹಾಗೆ ಹಿಂದೆ ಹಿಂದೆ ಹೋಗುತ್ತಾ ಆಸ್ಟರ್ಲಿಟ್ಜ್‌ನಲ್ಲಿ ನಿಂತ. ಮುದುಕನ ಕಥೆ ಅಲ್ಲಿಗೇ ಉಳಿಯಿತು.

ಇಷ್ಟು ಹೊತ್ತಿಗೆ ನನಗೆ ಬಾವುಟ ಸಿಕ್ಕಿತ್ತು, ಹೆಸರು ಸಿಕ್ಕಿತ್ತು. ಆದರೆ ಆಂದ್ರೇಯನ್ನು ಮರೆಯಲಾಗದಂತೆ ಮಾಡುವುದು ಬಾವುಟವಲ್ಲ, ಅವನ ಸಾವು. ಪುಸ್ತಕದ ಅತಿ ನಿಜವಾದ ಪುಟಗಳು ಅವೇ ಅಂತ ನನ್ನ ನಂಬಿಕೆ.

ಬೊರೊಡಿನೊದಲ್ಲಿ ಅವನ ಕೈಯಲ್ಲಿ ಬಾವುಟ ಇಲ್ಲ. ಅವನ ರೆಜಿಮೆಂಟು ಒಂದು ಗುಂಡನ್ನೂ ಹಾರಿಸದೆ, ನಿಂತಲ್ಲೇ ನಿಂತು, ಬೀಳುತ್ತಿರುವ ಫಿರಂಗಿ ಗುಂಡುಗಳಿಗೆ ಸುಮ್ಮನೆ ಸಾಯುತ್ತಿರುತ್ತದೆ. ಒಂದು ಸಿಡಿಗುಂಡು ಬಂದು ಅವನ ಹತ್ತಿರ ಬೀಳುತ್ತದೆ. ಬುಗುರಿಯ ಹಾಗೆ ಗಿರಗಿರ ತಿರುಗುತ್ತದೆ, ಹೊಗೆ ಬರುತ್ತಿರುತ್ತದೆ. ಅವನು ಹುಲ್ಲು ನೋಡುತ್ತಾನೆ, ಗಿಡ ನೋಡುತ್ತಾನೆ, ಬದುಕು ಇಷ್ಟ ಅಂದುಕೊಳ್ಳುತ್ತಾನೆ. ಆಮೇಲೆ ಸಿಡಿಯುತ್ತದೆ.

ಈ ಪುಟಗಳನ್ನು ಬರೆಯುವ ಮುಂಚೆ, 1867ರ ಸೆಪ್ಟೆಂಬರ್‌ನಲ್ಲಿ, ಟಾಲ್‌ಸ್ಟಾಯ್ ಹೆಂಡತಿಯ ಹನ್ನೆರಡು ವರ್ಷದ ತಮ್ಮನನ್ನು ಕರೆದುಕೊಂಡು ಬೊರೊಡಿನೊಗೆ ಹೋಗಿ, ಎರಡು ದಿನ ಆ ಬಯಲಲ್ಲಿ ಸುತ್ತಾಡಿ, ನಕ್ಷೆ ಬರೆದುಕೊಂಡು ಬಂದ. ಅಲ್ಲೊಂದು ಕ್ರೈಸ್ತ ಸನ್ಯಾಸಿನಿಯರ ಮಠವಿದೆ. ಅದನ್ನು ಕಟ್ಟಿಸಿದವಳು ಮಾರ್ಗರೀತಾ ತುಚ್‌ಕೋವಾ. ಅವಳ ಗಂಡ ಜನರಲ್ ಅಲೆಕ್ಸಾಂಡರ್ ತುಚ್‌ಕೋವ್ ಬೊರೊಡಿನೊದಲ್ಲಿ ಬಾವುಟ ಹಿಡಿದು ಮುನ್ನುಗ್ಗುವಾಗ ಸತ್ತ. ಅವಳು ಹೆಣಗಳ ನಡುವೆ ಗಂಡನನ್ನು ಹುಡುಕಿದಳು. ಸಿಗಲಿಲ್ಲ. ಅವನು ಬಿದ್ದನೆನ್ನುವ ಜಾಗದಲ್ಲಿ ಗುಡಿ ಕಟ್ಟಿಸಿ, ಕೊನೆಗೆ ತಾನೂ ಅಲ್ಲೇ ಸನ್ಯಾಸಿನಿಯಾದಳು. ಅದೇ ಯುದ್ಧದಲ್ಲಿ ಅವನ ಅಣ್ಣ ನಿಕೊಲಾಯ್ ತುಚ್‌ಕೋವ್‌ನಿಗೂ ಗಾಯವಾಯಿತು. ಅವನನ್ನು ಯಾರೊಸ್ಲಾವ್ಲ್ ಊರಿಗೆ ಸಾಗಿಸಿದರು, ಅಲ್ಲೇ ತೀರಿಕೊಂಡ. ಆಂದ್ರೇ ಸಾಯುವುದೂ ಯಾರೊಸ್ಲಾವ್ಲ್‌ನಲ್ಲೇ.

ಊರು ತುಚ್‌ಕೋವ್‌ನದ್ದು ಇರಬಹುದು. ಸಾವು ಮಾತ್ರ ಟಾಲ್‌ಸ್ಟಾಯ್ ತನ್ನ ಕಣ್ಣಾರೆ ಕಂಡಿದ್ದು ಅಂತ ನನಗನ್ನಿಸುತ್ತದೆ. ಅವನ ದೊಡ್ಡಣ್ಣ ನಿಕೊಲಾಯ್ ಕೂಡ ಸೈನ್ಯದಲ್ಲಿದ್ದವನು. ತಮ್ಮನನ್ನು ಮೊದಲ ಸಲ ಕಾಕಸಸ್‌ಗೆ ಕರೆದುಕೊಂಡು ಹೋಗಿ ಯುದ್ಧ ಅಂದರೆ ಏನು ಅಂತ ತೋರಿಸಿದವನು. ಅವನಿಗೆ ಕ್ಷಯ ಬಂತು. 1860ರಲ್ಲಿ ಫ್ರಾನ್ಸಿನ ದಕ್ಷಿಣ ಕರಾವಳಿಯ ಇಯೇರ್ ಊರಿನಲ್ಲಿ, 37ನೇ ವಯಸ್ಸಿಗೆ, ತಮ್ಮನ ಕೈಯಲ್ಲೇ ಪ್ರಾಣ ಬಿಟ್ಟ. ಬದುಕಿನಲ್ಲಿ ಬೇರೆ ಯಾವುದೂ ತನ್ನನ್ನು ಇಷ್ಟು ಅಲುಗಿಸಿಲ್ಲ ಅಂತ ಟಾಲ್‌ಸ್ಟಾಯ್ ಗೆಳೆಯನಿಗೆ ಬರೆದ. ಅವರ ತಂಗಿಯೂ ಆಗ ಅದೇ ಊರಿನಲ್ಲಿದ್ದಳು. ತಂಗಿಯ ಹೆಸರು ಮರೀಯಾ. ಕಾದಂಬರಿಯಲ್ಲಿ ಸಾಯುತ್ತಿರುವ ಆಂದ್ರೇಯ ಹತ್ತಿರ ಕೂತ ತಂಗಿಯ ಹೆಸರು ಮಾರ್ಯಾ. ಅಣ್ಣನನ್ನು ಮಣ್ಣು ಮಾಡಿದ ಕೆಲವೇ ತಿಂಗಳಲ್ಲಿ ಫ್ಲಾರೆನ್ಸ್‌ನಲ್ಲಿ ಆ ಮುದುಕನ ಭೇಟಿ.

1866ರ ಹೊತ್ತಿನ ಒಂದು ಕರಡಿನಲ್ಲಿ ಆಂದ್ರೇ ಸಾಯುವುದೇ ಇಲ್ಲವಂತೆ, ಎಲ್ಲ ಸುಖವಾಗಿ ಮುಗಿಯುತ್ತದಂತೆ. ಒಂದು ಸಲ ಆಸ್ಟರ್ಲಿಟ್ಜ್‌ನಲ್ಲಿ ಉಳಿಸಿದ, ಇನ್ನೊಂದು ಸಲ ಕರಡಿನಲ್ಲಿ ಉಳಿಸಿದ. ಮೂರನೆಯ ಸಲ ಆಗಲಿಲ್ಲ.

ಇನ್ನು ಉಳಿದಿದ್ದು ಮನೆ. ಅಮ್ಮನ ಪ್ರಕಾರ ಮೊದಲು ಕೇಳಬೇಕಾದ್ದೇ ಅದು. ಯಾರ ಮಗ?

ಆಂದ್ರೇಯ ತಂದೆ, ಆ ಸಿಡುಕು ಮುದುಕ, ಟಾಲ್‌ಸ್ಟಾಯ್‌ನ ತಾಯಿಯ ತಂದೆ. ಇದರಲ್ಲಿ ಅನುಮಾನವೇ ಇಲ್ಲ. ಜನರಲ್ ನಿಕೊಲಾಯ್ ವೊಲ್ಕೊನ್‌ಸ್ಕಿ. ಕೆಲಸ ಬಿಟ್ಟು ಯಾಸ್ನಾಯಾ ಪೊಲ್ಯಾನಾದ ಎಸ್ಟೇಟಿನಲ್ಲಿ ಬಂದು ಕೂತ. ಬೆಳಿಗ್ಗೆ ಅವನು ತೋಟದಲ್ಲಿ ಅಡ್ಡಾಡುವಾಗ ಜೀತದ ವಾದ್ಯಗಾರರು ಸಂಗೀತ ನುಡಿಸಬೇಕಿತ್ತು. ಮಗಳಿಗೆ ತಾನೇ ಗಣಿತ ಕಲಿಸಿದ. ಕಾದಂಬರಿಯಲ್ಲಿ ಮಾರ್ಯಾ ದಿನಾ ಬೆಳಿಗ್ಗೆ ಹೆದರಿ ನಡುಗುತ್ತಾ ರೇಖಾಗಣಿತ ಕಲಿಯಲು ಹೋಗುತ್ತಾಳಲ್ಲ, ಅದು ಈ ಮನೆಯದ್ದು. ಆ ಮಗಳ ಹೆಸರೂ ಮರೀಯಾ, ಟಾಲ್‌ಸ್ಟಾಯ್‌ನ ತಾಯಿ. 1830ರಲ್ಲಿ ಅವಳು ತೀರಿಕೊಂಡಾಗ ಅವನಿಗೆ ಎರಡು ವರ್ಷವೂ ತುಂಬಿರಲಿಲ್ಲ. ಮುಖ ನೆನಪಿಲ್ಲ. ದೊಡ್ಡವಳಾದ ಮೇಲಿನ ಒಂದು ಚಿತ್ರವೂ ಉಳಿದಿಲ್ಲ. ಇರುವುದು ಅವಳ ಚಿಕ್ಕಂದಿನ ಒಂದು ನೆರಳುಚಿತ್ರ, ಕಪ್ಪು ಕಾಗದದಲ್ಲಿ ಕತ್ತರಿಸಿದ ಪಕ್ಕದ ಮುಖ. ಹಣೆ, ಮೂಗು, ಗಲ್ಲ. ಕಣ್ಣಿಲ್ಲ.

ತಾತ ಇದ್ದಾನೆ, ತಾಯಿ ಇದ್ದಾಳೆ. ತಂದೆಯ ಕಡೆಯವರು ಕಾದಂಬರಿಯ ಇನ್ನೊಂದು ಮನೆತನ ರೊಸ್ತೋವ್‌ಗಳಾಗಿ ಬಂದಿದ್ದಾರೆ. ಇಡೀ ಮನೆತನ ಅದರೊಳಗಿದೆ. ಹಾಗಾದರೆ ತಾಯಿಯ ಅಣ್ಣ? ಅವನು ಯಾರು?

ಹುಡುಕಿದೆ. ಇಲ್ಲ. ಮರೀಯಾ ವೊಲ್ಕೊನ್‌ಸ್ಕಯಾ ಆ ಮನೆಯ ಒಬ್ಬಳೇ ಮಗಳು. ಎರಡನೇ ವಯಸ್ಸಿಗೆ ತಾಯಿ ಹೋದಳು. ದೊಡ್ಡ ಮನೆ, ಸಿಡುಕು ತಂದೆ, ರೇಖಾಗಣಿತ. ಅಣ್ಣನೂ ಇಲ್ಲ, ತಮ್ಮನೂ ಇಲ್ಲ.

ಇದನ್ನು ಓದಿದಾಗ ರಾತ್ರಿ ಹನ್ನೊಂದಾಗಿತ್ತು. ಎದ್ದು ನೀರು ಕುಡಿದು ಬಂದು ಮತ್ತೆ ಓದಿದೆ. ಲೂಯೀಸಾಗೆ ಬರೆದ ಕಾಗದದ ಸಾಲು ಆಗ ಬೇರೆಯೇ ಆಗಿ ಕೇಳಿಸಿತು. ಹುಡುಗನನ್ನು ಮುದುಕ ಬೊಲ್ಕೊನ್‌ಸ್ಕಿಯ ಮಗನನ್ನಾಗಿ ಮಾಡಿದೆ, ಕಥೆಗೆ ಅನುಕೂಲ ಅಂತ. ಅನುಕೂಲಕ್ಕೇ ಮಾಡಿರಬಹುದು. ಆದರೆ ಮಾಡಿದ್ದು ಏನು? ಮುಖ ಕೂಡ ನೆನಪಿಲ್ಲದ ತಾಯಿಗೆ ಒಬ್ಬ ಅಣ್ಣನನ್ನು ಕೊಟ್ಟ. ಅವಳನ್ನು ಆ ಮನೆಯಲ್ಲಿ ಒಂಟಿಯಾಗಿ ಬಿಡಲಿಲ್ಲ. ರಷ್ಯದಲ್ಲಿ ಆ ಸಂಬಂಧಕ್ಕೆ ಎಷ್ಟು ತೂಕವೋ, ನಮ್ಮಲ್ಲಿ ಅದಕ್ಕೊಂದು ದೊಡ್ಡ ಹೆಸರೇ ಇದೆ. ಸೋದರಮಾವ. ಪ್ರಿನ್ಸ್ ಆಂದ್ರೇ ಟಾಲ್‌ಸ್ಟಾಯ್‌ನ ಸೋದರಮಾವ.

ನನಗೆ ಇದು ಇಷ್ಟು ನಾಟುವುದಕ್ಕೆ ಕಾರಣ ಇದೆ. ನಮ್ಮಮ್ಮನಿಗೂ ಒಡಹುಟ್ಟಿದವರಿಲ್ಲ. ತಾತ ಇರುವವರೆಗೂ ಪ್ರತಿ ಗೌರಿ ಹಬ್ಬಕ್ಕೆ ‘ಅರಿಶಿನ ಕುಂಕುಮಕ್ಕೆ’ ಅಂತ ಬರೆದ ಮನಿಆರ್ಡರ್ ಬರುತ್ತಿತ್ತು. ತಾತ ಹೋದ ವರ್ಷ ಅದು ನಿಂತಿತು. ಆ ಹಬ್ಬದ ದಿನ ಪೋಸ್ಟ್‌ಮ್ಯಾನ್ ಬರುವ ಹೊತ್ತಿಗೆ ಅಮ್ಮ ಸುಮ್ನೆ ಬಾಗಿಲ ಹತ್ತಿರ ಹೋಗಿ ನಿಂತಿದ್ದನ್ನು ನಾನು ನೋಡಿದ್ದೇನೆ. ಅಕ್ಕನ ಮದುವೆಯಲ್ಲಿ ಹುಡುಗಿಯನ್ನು ಮಂಟಪಕ್ಕೆ ಕರೆತರಲು ಸೋದರಮಾವ ಬೇಕಲ್ಲ, ದೂರದ ನೆಂಟರೊಬ್ಬರನ್ನು ಕೇಳಿಕೊಂಡು ನಿಲ್ಲಿಸಿದೆವು. ಒಳ್ಳೆಯವರು. ಅಕ್ಕನ ಕೈ ಹಿಡಿದು ನಿಧಾನಕ್ಕೆ ಕರೆತಂದರು. ಫೋಟೋದಲ್ಲಿ ಅಮ್ಮ ಅಕ್ಕನನ್ನು ನೋಡುತ್ತಿಲ್ಲ. ಅವರನ್ನು ನೋಡುತ್ತಿದ್ದಾಳೆ.

ಮಾರನೇ ದಿನ ಅಮ್ಮನಿಗೆ ಎಲ್ಲ ಹೇಳಿದೆ. ಟಾಲ್‌ಸ್ಟಾಯ್‌ನ ತಾಯಿಗೆ ಅಣ್ಣ ಇರಲಿಲ್ಲವಂತೆ, ಇವನೇ ಸೃಷ್ಟಿಸಿ ಕೊಟ್ಟಿದ್ದಂತೆ ಅಂದೆ. ಅಮ್ಮ ಸ್ವಲ್ಪ ಹೊತ್ತು ಏನೂ ಅನ್ನಲಿಲ್ಲ. ‘ಓದು’ ಅಂದಳು.

ಆ ಸಂಜೆ ಓದಬೇಕಾಗಿದ್ದು ಆಂದ್ರೇ ಆಸ್ಟರ್ಲಿಟ್ಜ್‌ನಲ್ಲಿ ಗಾಯಗೊಂಡು ಮಲಗಿರುವ ಪುಟಗಳು. ಯುದ್ಧಕ್ಕೆ ಹೊರಡುವ ಮುಂಚೆ ಮಾರ್ಯಾ ಅವನ ಕೊರಳಿಗೆ ಕ್ರಿಸ್ತನ ಒಂದು ಪುಟ್ಟ ಮೂರ್ತಿಪಟ ಹಾಕಿದ್ದಳು. ತಾತ ಎಲ್ಲ ಯುದ್ಧಗಳಲ್ಲೂ ಹಾಕಿಕೊಂಡಿದ್ದು. ಅವನಿಗೆ ಅದರಲ್ಲಿ ನಂಬಿಕೆಯಿಲ್ಲ, ತಂಗಿಗಾಗಿ ಹಾಕಿಕೊಂಡಿದ್ದ. ಅವನನ್ನು ಹೊತ್ತು ತಂದ ಫ್ರೆಂಚ್ ಸೈನಿಕರು ಅದನ್ನು ಕಿತ್ತುಕೊಂಡಿದ್ದರು. ನೆಪೋಲಿಯನ್ ಸೆರೆಯಾಳುಗಳ ಜೊತೆ ಮರ್ಯಾದೆಯಿಂದ ಮಾತಾಡಿದ್ದನ್ನು ನೋಡಿ ಹೆದರಿ ವಾಪಸ್ ಹಾಕಿಬಿಡುತ್ತಾರೆ. ಯಾರು ಯಾವಾಗ ಹಾಕಿದರೋ ಅವನಿಗೆ ಗೊತ್ತೇ ಆಗುವುದಿಲ್ಲ, ನೋಡಿದರೆ ಎದೆಯ ಮೇಲೆ ಸಣ್ಣ ಚಿನ್ನದ ಸರದಲ್ಲಿ ತಂಗಿ ಕೊಟ್ಟ ಪಟ ಇರುತ್ತದೆ.

‘ಚಿನ್ನದ್ದಾ?’ ಅಂದಳು ಅಮ್ಮ.

‘ಹೂಂ, ಚಿನ್ನದ ಸರ ಅಂತಲೇ ಇದೆ.’

‘ಅವಳು ಹಾಕಿದಾಗ ಬೆಳ್ಳಿದು ಅಂತ ಓದಿದ್ದೆ ನೀನು.’

ಪುಟ ಹಿಂದಕ್ಕೆ ತಿರುಗಿಸಿದೆ. ತುಂಬಾ ಹಿಂದಕ್ಕೆ ಹೋಗಬೇಕಾಯಿತು. ಮಾರ್ಯಾ ಅಣ್ಣನ ಕೊರಳಿಗೆ ಹಾಕಿದ್ದು ಬೆಳ್ಳಿಯ ಸರವೇ. ಟಾಲ್‌ಸ್ಟಾಯ್ ಮರೆತಿದ್ದಾನೆ. ಅಮ್ಮ ಮರೆತಿರಲಿಲ್ಲ.